ಎರಡು ಬೋಲ್ಟು, ಒಂದು ತಂತಿ

ಮುಂಬಯಿ ತೀರದಿಂದ ಪಶ್ಚಿಮಕ್ಕೆ ಸುಮಾರು 160 ಕಿಲೋಮೀಟರು ದೂರದಲ್ಲಿರುವ, 1974ರಲ್ಲಿ ‘ಸಾಗರ ಸಾಮ್ರಾಟ್’ ರಿಗ್ಗು ತೈಲವನ್ನು ಕಂಡುಹಿಡಿದಂದಿನಿಂದ ಪ್ರಖ್ಯಾತವಾದ ಬಾಂಬೆ ಹೈ ಕ್ಷೇತ್ರದ ರಿಗ್ಗೊಂದನ್ನು ಹೊಕ್ಕವನ ದೃಷ್ಟಿ ಸಹಜವಾಗಿಯೇ ಡೆರಿಕ್ಕೆಂಬ ಕೊರೆಗೋಪುರದ ಶಿಖರದತ್ತ ಹರಿಯುತ್ತದೆ. ನನ್ನ ಮನಸ್ಸನ್ನು ಸೆರೆಹಿಡಿದುದಾದರೋ, ದುರಸ್ತಿಗೆಂದು ಕೆಳಗಿಳಿಸಿದ್ದ, ಕೊರೆಯುವ ಕೊಳವೆಯನ್ನು ಮೇಲಿನಿಂದ ತಿರುಗಿಸುವ ಟಾಪ್ ಡ್ರೈವ್‌ನ ಭಾಗವೊಂದರಲ್ಲಿ ಅಕ್ಕಪಕ್ಕದ ಎರಡು ಬೋಲ್ಟುಗಳ ತಲೆಯನ್ನು ತೂರಿ ಜಡೆಯಂತೆ ಹೆಣೆದಿದ್ದ ತೆಳುವಾದ ಉಕ್ಕಿನ ತಂತಿ.

ಲಾಕ್‌ವೈರ್ ಎಂದು ಕರೆಯುವ ಈ ತಂತಿಯ ಚಾತುರ್ಯವೆಲ್ಲವೂ ಅದನ್ನು ಸುತ್ತುವ ದಿಕ್ಕಿನಲ್ಲಿದೆ. ಯಂತ್ರದ ನಡುಕಕ್ಕೆ ಒಂದು ಬೋಲ್ಟು ಸಡಿಲಗೊಳ್ಳಲು ಹವಣಿಸಿತೆನ್ನಿ, ತಂತಿಯು ಸೆಟೆದು ಇನ್ನೊಂದನ್ನು ಬಿಗಿಯುವ ಕಡೆಗೆ ಸೆಳೆಯುತ್ತದೆ. ಅದಾದರೋ ಮೊದಲೇ ಬಿಗಿದು ಕುಳಿತಿರುವುದರಿಂದ ಎರಡೂ ಸ್ವಸ್ಥಾನವನ್ನು ಬಿಟ್ಟು ಕದಲಲಾರವು. “ಉಲ್ಟಾ ಸುತ್ತಿದರೆ ತಂತಿಯೇ ಬೋಲ್ಟನ್ನು ಬಿಚ್ಚಿಕೊಡುತ್ತೆ ಸಾರ್,” ಎಂದು ಕನ್ನಡ ಬಲ್ಲ ಮೆಕ್ಯಾನಿಕರೊಬ್ಬರು ನಕ್ಕರು. ಮಿಕ್ಕ ಯಂತ್ರವೈಭವವನ್ನೆಲ್ಲ ಮರೆತು ನಾನು ಆ ತಂತಿಯ ತಿರುವುಗಳನ್ನೇ ಬೆರಳಿನಿಂದ ಸವರುತ್ತ ನಿಂತೆ.

ಇಷ್ಟೊಂದು ಜತನವೇಕೆಂಬುದಕ್ಕೆ ಗಣಿತ ಸಾಕು. ಕೇವಲ 100 ಗ್ರಾಮಿನ ಬೋಲ್ಟು 40 ಮೀಟರು ಎತ್ತರದಿಂದ ಬಿದ್ದರೆ, ಗಾಳಿಯ ತಡೆಯನ್ನು ಗಣಿಸದಿದ್ದಲ್ಲಿ, ಗಂಟೆಗೆ ಸುಮಾರು 100 ಕಿಲೋಮೀಟರು ವೇಗದಿಂದ, ಸುಮಾರು 39 ಜೂಲ್ ಶಕ್ತಿಯೊಡನೆ ಕೆಳಗಿನವನನ್ನು ತಾಕುತ್ತದೆ. ಉತ್ತರ ಸಮುದ್ರದ ತೈಲೋದ್ಯಮದಲ್ಲಿ 1999ರಲ್ಲಿ ಹುಟ್ಟಿದ ‘ಡ್ರಾಪ್ಸ್’ ಎಂಬ ಕೂಟವು ತೂಕವನ್ನೂ ಎತ್ತರವನ್ನೂ ಕೂಡಿಸಿ ಗಾಯವೋ ಮರಣವೋ ಎಂಬುದನ್ನು ಅಂದಾಜು ಮಾಡುವ ಕೋಷ್ಟಕವೊಂದನ್ನು ಪ್ರಚಾರಕ್ಕೆ ತಂದಿತು. ಉಪಯುಕ್ತವೇ ಸರಿ, ಆದರೆ ಬೀಳುವ ವಸ್ತು ಮೊಂಡಾಗಿರಬೇಕು, ಕೆಳಗಿನವನ ತಲೆಯ ಮೇಲೆ ಹೆಲ್ಮೆಟ್ ಇರಬೇಕು ಎಂಬ ಎರಡು ಊಹೆಗಳ ಮೇಲೆ ಅದು ನಿಂತಿದೆ. ಚೂಪಾದ ಸ್ಕ್ರೂಡ್ರೈವರು ಕೋಷ್ಟಕವನ್ನು ಓದಿಕೊಂಡು ಬೀಳುವುದಿಲ್ಲವಾದ್ದರಿಂದ ನನಗೆ ಕಾಗದಕ್ಕಿಂತ ತಂತಿಯಲ್ಲಿಯೇ ವಿಶ್ವಾಸ ಹೆಚ್ಚು.

ಉಪ್ಪುಗಾಳಿಯ ತುಕ್ಕು, ಕೊರೆತದ ಕಂಪನ, ಅಲ್ಯೂಮಿನಿಯಮ್ಮಿಗೆ ಸ್ಟೇನ್‌ಲೆಸ್ ಸ್ಟೀಲು ತಾಗಿದೆಡೆ ನಡೆಯುವ ಸವೆತ, ಮೇಲೆ ಕೆಳಗೆ ಓಡಾಡುವ ಟಾಪ್ ಡ್ರೈವಿಗೆ ತಗುಲಿಕೊಳ್ಳುವ ಕೇಬಲ್ಲು, ದೀಪ: ಬಿಗಿದುದನ್ನು ಕಳಚಿ ಬೀಳಿಸುವ ಶತ್ರುಗಳು ಇವು. ಆದುದರಿಂದಲೇ ಬೋಲ್ಟಿಗೆ ತಂತಿ ಅಥವಾ ಸ್ಪ್ಲಿಟ್ ಪಿನ್, ದೀಪಕ್ಕೆ ಅದು ಕಳಚಿದರೂ ನೇತಾಡಿಸಿ ಹಿಡಿಯುವ ಉಕ್ಕಿನ ಹಗ್ಗ, ಯಂತ್ರ ಚಲಿಸುವಾಗ ಯಾರೂ ಕಾಲಿಡಬಾರದ ‘ರೆಡ್ ಜೋನ್’. ಮೇಲೇರುವ ಒಂದೊಂದು ಸ್ಪ್ಯಾನರಿಗೂ ದಾರ ಬಿಗಿದು, ಪಟ್ಟಿಯಲ್ಲಿ ಬರೆದು, ಇಳಿದ ಮೇಲೆ ಎಣಿಸಿ ತಾಳೆ ನೋಡುವರು. ಭಾರವಾದ ಸುತ್ತಿಗೆಯ ದಾರವನ್ನು ಮಾತ್ರ ಏರಿದವನ ಸೊಂಟಕ್ಕೆ ಕಟ್ಟದೆ ಡೆರಿಕ್ಕಿನ ಕಬ್ಬಿಣಕ್ಕೇ ಕಟ್ಟುವರು. ಇಲ್ಲವಾದರೆ ಕೈಜಾರಿದ ಸುತ್ತಿಗೆ ಅವನನ್ನೂ ಜತೆಗೆ ಎಳೆದೀತು.