ಅಧ್ಯಾಯ 4: ಒತ್ತೆಯ ಜಾಗದಲ್ಲಿ ಏನಿಡುವುದು?

ಒತ್ತೆ, ಅಡವು, ಗಿರವಿ, ಅಡಮಾನ, ಭೋಗ್ಯ. ಸಾಲ ಕೊಡುವವನ ಅಂಜಿಕೆಗೆ ನಮ್ಮ ನುಡಿಯಲ್ಲಿ ಇಷ್ಟೊಂದು ಹೆಸರು. ಬಂಗಾರ ಕೊಟ್ಟರೆ ಗಿರವಿ, ಮನೆಯನ್ನೇ ಬಿಟ್ಟುಕೊಟ್ಟರೆ ಭೋಗ್ಯ, ಮನೆಯ ಪತ್ರ ಮಾತ್ರ ಬ್ಯಾಂಕಿನ ಕಪಾಟು ಸೇರಿದರೆ ಅಡಮಾನ. ಇವೆಲ್ಲ ಉಳ್ಳವರ ಮಾತು. ಇಲ್ಲದವರ ಕಥೆ ಬೇರೆ.

ಗದಗದ ಕಡೆ ಮನೆಯಲ್ಲೇ ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೆ ಹಾಕುವ ಅಕ್ಕ ಒಬ್ಬಳು ರೊಟ್ಟಿ ಯಂತ್ರಕ್ಕೆ ಸಾಲ ಕೇಳಲು ಬ್ಯಾಂಕಿಗೆ ಹೋದಳೆಂದು ಇಟ್ಟುಕೊಳ್ಳಿ.

"ಮನಿ ಯಾರ ಹೆಸರಿಲೆ ಐತ್ರಿ ಅಕ್ಕಾರ?"

"ನಮ್ಮ ಮಾವನಾರ ಹೆಸರಿಲೆ ಐತ್ರಿ ಸಾಹೇಬ್ರ."

"ಹೊಲ?"

"ಅದೂ ಅವರ್ದ ರೀ."

"ಮತ್ತ ನಿಮ್ಮ ಹೆಸರಿಲೆ ಏನೈತಿ?"

"ರೊಟ್ಟಿ ಐತ್ರಿ."

ಮ್ಯಾನೇಜರ್ ನಕ್ಕಾನು. ಆದರೆ ಆಕೆಯ ಉತ್ತರ ಸರಿಯಾಗಿಯೇ ಇದೆ. ಸಾಲ ಕೊಡುವವನಿಗೆ ಇರುವುದು ಎರಡು ಭಯ: ಈಕೆಗೆ ತೀರಿಸಲು ಆಗದೆ ಹೋದರೆ? ಆಗಿಯೂ ತೀರಿಸದೆ ಹೋದರೆ? ಮನೆಪತ್ರ ಸಿಕ್ಕಿತೆಂದರೆ ಎರಡಕ್ಕೂ ಒಂದೇ ಏಟಿಗೆ ಉತ್ತರ ಸಿಕ್ಕಂತೆ. ಆಮೇಲೆ ರೊಟ್ಟಿಯ ಲೆಕ್ಕ ಕೇಳುವ ಗೋಜಿಗೆ ಯಾರೂ ಹೋಗುವುದಿಲ್ಲ. ಒತ್ತೆಯೆಂಬುದು ಒಂದು ಬಗೆಯ ಸೋಮಾರಿ ವಿಚಾರಣೆ. ಪತ್ರ ಇಲ್ಲದವರು ಈ ಎರಡು ಭಯಕ್ಕೂ ಬೇರೆ ಬೇರೆಯಾಗಿ ಉತ್ತರ ಹೇಳಬೇಕು, ಅಷ್ಟೇ.

ಹೀಗೆ ಉತ್ತರ ಹೇಳುವುದು ಆಕೆಯ ಸೀಮೆಗೆ ಹೊಸದಲ್ಲ. 1904ರಲ್ಲಿ ಸಹಕಾರ ಸಂಘಗಳ ಕಾಯ್ದೆ ಬಂತು. ಮರುವರ್ಷವೇ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಪತ್ತಿನ ಸಂಘ ಕಟ್ಟಿದರು. ಆಗಿನ ಹಳ್ಳಿ ಸಂಘಗಳ ಹೊಣೆಗೆ ಮಿತಿ ಇರಲಿಲ್ಲ. ಒಬ್ಬ ಮುಳುಗಿಸಿದರೆ ಉಳಿದ ಸದಸ್ಯರೆಲ್ಲ ತುಂಬಬೇಕು. ಯಾರು ದುಡಿಯುತ್ತಾರೆ, ಯಾರು ಕಟ್ಟೆ ಕಾಯುತ್ತಾರೆ ಎಂಬುದು ಊರಿಗೆ ಗೊತ್ತಿರುತ್ತದಲ್ಲ, ಆ ತಿಳಿವಳಿಕೆಯೇ ಅಲ್ಲಿ ಒತ್ತೆಯ ಕೆಲಸ ಮಾಡಿತು. ಮುಂದೆ ಮೈರಾಡಾದಂಥ ಸಂಸ್ಥೆಗಳು ಕರ್ನಾಟಕದಲ್ಲಿ ಹೆಂಗಸರ ಗುಂಪು ಕಟ್ಟಿ ಇದನ್ನೇ ಸಣ್ಣ ಅಳತೆಯಲ್ಲಿ ಮಾಡಿದವು. ನಬಾರ್ಡ್ 1992ರಲ್ಲಿ ಇಂಥ ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗಕ್ಕೆ ಇಳಿಯಿತು. ಇಂದಿನ ಸ್ವಸಹಾಯ ಸಂಘಗಳ ಸಾಲ ಆ ಬೇರಿನದು.

ಕರಾವಳಿಯವರ ಉತ್ತರ ಬೇರೆ. ಉಡುಪಿಯಲ್ಲಿ 1925ರಲ್ಲಿ ಹುಟ್ಟಿದ ಬ್ಯಾಂಕು, ಆಮೇಲೆ ಸಿಂಡಿಕೇಟ್ ಎಂದು ಹೆಸರಾದದ್ದು, 1928ರಲ್ಲಿ ಪಿಗ್ಮಿ ಶುರುಮಾಡಿತು. ಏಜೆಂಟ್ ದಿನವೂ ಮನೆಬಾಗಿಲಿಗೆ ಬಂದು ಎರಡಾಣೆ ಒಯ್ಯುತ್ತಿದ್ದ. ಅದು ಉಳಿತಾಯದ ಯೋಜನೆ, ಸಾಲದ್ದಲ್ಲ. ಆದರೂ ವರ್ಷವಿಡೀ ತಪ್ಪದೆ ಎರಡಾಣೆ ಕೊಟ್ಟವನ ಪಿಗ್ಮಿ ಪುಸ್ತಕ ಅವನ ನಡತೆಯ ಪುಸ್ತಕವೂ ಹೌದು. ಇಂದು ರೊಟ್ಟಿ ಅಕ್ಕನ ಗಲ್ಲಾಪೆಟ್ಟಿಗೆಯ ಪಕ್ಕ ಕೂತು "ರೂಪಾಯಿ ಬಂದಿದೆ" ಎಂದು ಕೂಗುವ ಡಬ್ಬಿಯ ಕೆಲಸವೂ ಹೆಚ್ಚುಕಡಿಮೆ ಅದೇ. ಖಾನಾವಳಿಯವರು ನೋಟು ಕೊಟ್ಟಾಗಲೂ ಅದನ್ನು ಸೀರೆಯ ಗಂಟಿಗೆ ಕಟ್ಟದೆ ಖಾತೆಗೆ ಹಾಕುವುದು ಲೇಸು. ಖಾತೆಯಲ್ಲಿ ಕಾಣದ ವ್ಯಾಪಾರ ಬ್ಯಾಂಕಿನ ಮಟ್ಟಿಗೆ ನಡೆದೇ ಇಲ್ಲ.

ಇದು ನಡತೆಯ ಮಾತಾಯಿತು. ಮುಳುಗಿದರೆ ಯಾರು ತುಂಬುತ್ತಾರೆ ಎಂಬುದಕ್ಕೆ ಸರ್ಕಾರ ಕಟ್ಟಿದ ಏರ್ಪಾಡು ಖಾತರಿ ನಿಧಿ. ಕೇಂದ್ರ ಸರ್ಕಾರವೂ ಸಣ್ಣ ಉದ್ಯಮಗಳ ಬ್ಯಾಂಕಾದ ಸಿಡ್ಬಿಯೂ ಸೇರಿ 2000ದಲ್ಲಿ ಸಿಜಿಟಿಎಂಎಸ್ಇ ಎಂಬ, ಉಸಿರು ಹಿಡಿದು ಹೇಳಬೇಕಾದ ಹೆಸರಿನ ಟ್ರಸ್ಟ್ ಮಾಡಿದವು. ಬ್ಯಾಂಕು ಸಣ್ಣ ಉದ್ಯಮಕ್ಕೆ ಒತ್ತೆಯಿಲ್ಲದೆ ಕೊಟ್ಟ ಸಾಲ ಕೆಟ್ಟರೆ ನಷ್ಟದ ದೊಡ್ಡ ಪಾಲನ್ನು ಇದು ತುಂಬಿಕೊಡುತ್ತದೆ. ಏಪ್ರಿಲ್ 2025ರಿಂದ 10 ಕೋಟಿ ರೂಪಾಯಿವರೆಗಿನ ಸಾಲಕ್ಕೂ ಈ ರಕ್ಷೆ ಉಂಟು. 2015ರ ಮುದ್ರಾ ಯೋಜನೆಯ ಸಾಲಗಳಿಗೆ ಬೇರೆಯದೇ ಖಾತರಿ ನಿಧಿ ಇದೆ. ಮುದ್ರಾದಲ್ಲಿ 50,000ದವರೆಗೆ ಶಿಶು, 5 ಲಕ್ಷದವರೆಗೆ ಕಿಶೋರ, 10 ಲಕ್ಷದವರೆಗೆ ತರುಣ. ತರುಣ ಸಾಲವನ್ನು ಸರಿಯಾಗಿ ತೀರಿಸಿದವರಿಗೆ 2024ರಿಂದ 20 ಲಕ್ಷದವರೆಗೆ ತರುಣ ಪ್ಲಸ್. ಮುದ್ರಾ ತಾನೇ ನಿಮಗೆ ಹಣ ಎಣಿಸಿಕೊಡುವ ಸಂಸ್ಥೆಯಲ್ಲ. ಸಾಲ ಕೊಡುವುದು ಬ್ಯಾಂಕೇ. "ಮುದ್ರಾ ಆಫೀಸಿನಿಂದ ಮಾತಾಡ್ತಿದೀವಿ, ಮೊದಲು ಶುಲ್ಕ ಕಟ್ಟಿ" ಎಂದು ಫೋನ್ ಬಂದರೆ ಇಟ್ಟುಬಿಡಿ.

ಖಾತರಿಯೆಂದರೆ ಸಾಲ ಮನ್ನಾ ಎಂದು ನಂಬಿ ಕೆಟ್ಟವರು ಬಹಳ. ಅದು ಬ್ಯಾಂಕಿಗೆ ಧೈರ್ಯ ತುಂಬುವ ಏರ್ಪಾಡು, ನಿಮಗೆ ಕೊಟ್ಟ ವಿಮೆಯಲ್ಲ. ಟ್ರಸ್ಟ್ ಬ್ಯಾಂಕಿಗೆ ಹಣ ತುಂಬಿದರೂ ನಿಮ್ಮ ಬಾಕಿ ಹಾಗೇ ಇರುತ್ತದೆ. "ಒತ್ತೆಯಿಲ್ಲ" ಎಂಬ ಮಾತಿಗೂ ಒಂದು ಮಿತಿ ಉಂಟು: ಸಾಲದ ಹಣದಲ್ಲಿ ಕೊಂಡ ಯಂತ್ರ ಸಾಲ ತೀರುವವರೆಗೆ ಬ್ಯಾಂಕಿನ ಹಕ್ಕಿನಲ್ಲೇ ಇರುತ್ತದೆ. ಬೇಡವೆಂದಿರುವುದು ಮಾವನ ಮನೆ, ಹೊಲದ ಪತ್ರ. ಸಣ್ಣ ಉದ್ಯಮಗಳ 10 ಲಕ್ಷದವರೆಗಿನ ಸಾಲಕ್ಕೆ ಇಂಥ ಒತ್ತೆ ಕೇಳಕೂಡದೆಂದು ರಿಸರ್ವ್ ಬ್ಯಾಂಕು 2010ರಲ್ಲೇ ಹೇಳಿತು. ಆದರೂ ಕೇಳುವ ಶಾಖೆಗಳಿಗೆ ಬರವಿಲ್ಲ. ಅಲ್ಲಿ ಜಗಳಕ್ಕೆ ನಿಲ್ಲುವುದಕ್ಕಿಂತ ಅರ್ಜಿಯನ್ನು ಬರಹದಲ್ಲಿ ಕೊಟ್ಟು, ಸ್ವೀಕೃತಿ ಪಡೆದು, ಆಗದಿದ್ದರೆ ಕಾರಣವನ್ನೂ ಬರಹದಲ್ಲಿ ಕೊಡಿ ಎನ್ನುವುದು ಮೇಲು. ಬಾಯಲ್ಲಿ "ಆಗಲ್ಲ" ಎಂದಷ್ಟು ಸಲೀಸಾಗಿ ಅದನ್ನು ಕಾಗದದ ಮೇಲೆ ಬರೆಯಲಾಗುವುದಿಲ್ಲ.

ಇನ್ನು ರೊಟ್ಟಿಯ ಲೆಕ್ಕ. ಅಕ್ಕ ದಿನಕ್ಕೆ 600 ರೊಟ್ಟಿಯನ್ನು 7 ರೂಪಾಯಿಯಂತೆ ಮಾರಿದರೆ 4,200. ಜೋಳಕ್ಕೆ 1,800, ಇಬ್ಬರು ಹೆಣ್ಣಾಳುಗಳಿಗೆ 1,000, ಗ್ಯಾಸಿಗೆ 400 ಹೋದರೆ ಉಳಿಯುವುದು 1,000. ತಿಂಗಳಿಗೆ 26 ದಿನ ಹಿಡಿದರೆ 26,000. ಮನೆಖರ್ಚು 14,000 ಕಳೆದರೆ ಕೈಯಲ್ಲಿ 12,000. ಆಕೆ ಕೇಳುವುದು 3 ಲಕ್ಷ, ಶೇ. 11 ಬಡ್ಡಿ, ಐದು ವರ್ಷ ಎಂದರೆ ತಿಂಗಳ ಕಂತು ಸುಮಾರು 6,500. ಕಂತಿನ ಒಂದೂಮುಕ್ಕಾಲು ಪಟ್ಟಿಗಿಂತ ಹೆಚ್ಚು ಹಣ ಉಳಿಯುತ್ತದೆ. ಯಂತ್ರ ಬರುವ ಮುಂಚಿನ ದುಡಿಮೆಯಲ್ಲೇ ಕಂತು ಹುಟ್ಟುತ್ತದೆ ಎಂದರೆ ಯಾವ ಮ್ಯಾನೇಜರಿಗಾದರೂ ಮುಖ ಅರಳೀತು.

ಆದರೆ ಇದು ಒಳ್ಳೆಯ ತಿಂಗಳ ಲೆಕ್ಕ. ಮಳೆಗಾಲದಲ್ಲಿ ಕಟಕ ರೊಟ್ಟಿ ತಂಡಿ ಹಿಡಿದು ಮೆತ್ತಗಾಗುತ್ತದೆ, ಮಾಲು ವಾಪಸು ಬರುತ್ತದೆ. ಉಳಿಕೆ ಅರ್ಧಕ್ಕಿಳಿದು 13,000 ಆಯಿತೆನ್ನಿ. ಅದು ಮನೆಖರ್ಚಿಗೇ ಸಾಲದು, ಕಂತಿನ ಮಾತೆಲ್ಲಿ ಬಂತು? ಯೋಜನಾ ವರದಿಗಳು ಜಾರುವುದು ಇಲ್ಲೇ. ಪೇಟೆಯಲ್ಲಿ ದುಡ್ಡು ಕೊಟ್ಟು ಬರೆಸಿದ ವರದಿಗಳಲ್ಲಿ ವರ್ಷದ ಹನ್ನೆರಡೂ ತಿಂಗಳು ಒಂದೇ ತೂಕ, ಮಳೆಯೇ ಬರುವುದಿಲ್ಲ. ಕೆಟ್ಟ ತಿಂಗಳನ್ನು ತಾನೇ ಬರೆದು, ಅದಕ್ಕಾಗಿ ಎರಡು ಕಂತಿನ ಹಣ ಬೇರೆ ತೆಗೆದಿಟ್ಟಿದ್ದೇನೆ ಎಂದು ತೋರಿಸುವ ಅರ್ಜಿದಾರಳ ಮಾತಿಗೆ ತೂಕ ಹೆಚ್ಚು. ಯಂತ್ರದಿಂದ ರೊಟ್ಟಿ 600ರಿಂದ 1,000 ಆದರೆ ಹೆಚ್ಚಿನ 400 ತಿನ್ನುವವರು ಯಾರು ಎಂಬ ಪ್ರಶ್ನೆಯೂ ಬಂದೇ ಬರುತ್ತದೆ. ಎರಡು ಖಾನಾವಳಿಯವರಿಂದ "ದಿನಕ್ಕೆ ಇಷ್ಟು ಕೊಳ್ಳುತ್ತೇವೆ" ಎಂಬ ಸಹಿ ಮಾಡಿದ ಚೀಟಿ ತಂದರೆ ಅದು ಇಪ್ಪತ್ತು ಪುಟದ ವರದಿಗಿಂತ ಗಟ್ಟಿ.

ಜೋಳ ಕೊಳ್ಳುವ ಹಣಕ್ಕೆ, ಅಂದರೆ ದುಡಿಯುವ ಬಂಡವಾಳಕ್ಕೆ, ಬೇರೆ ಅಳತೆ ಇದೆ. ರಿಸರ್ವ್ ಬ್ಯಾಂಕಿನ ನಾಯಕ್ ಸಮಿತಿ ಹಾಕಿಕೊಟ್ಟ ದಾರಿಯಲ್ಲಿ ವರ್ಷದ ವಹಿವಾಟಿನ ಶೇ. 20ರಷ್ಟನ್ನು ಬ್ಯಾಂಕು ಕೊಡಬಹುದು. ಅಕ್ಕನ ವಹಿವಾಟು ಸುಮಾರು 13 ಲಕ್ಷ. ಐದರಲ್ಲಿ ಒಂದು ಪಾಲೆಂದರೆ 2 ಲಕ್ಷ 60 ಸಾವಿರ. ಹೆಚ್ಚಿನವರು ಯಂತ್ರಕ್ಕೆ ಮಾತ್ರ ಸಾಲ ಕೇಳಿ ಇದನ್ನು ಮರೆಯುತ್ತಾರೆ. ಯಂತ್ರ ಬಂದ ಮೇಲೆ ಜೋಳಕ್ಕೆ ಕೈಸಾಲಕ್ಕಾಗಿ ಓಡಾಡುತ್ತಾರೆ.

ಅರ್ಜಿಗೆ ಮುಂಚೆ, ನಿಮ್ಮ ಸಾಲದ ನಡತೆಗೆ ಅಂಕ ಕೊಡುವ ಸಿಬಿಲ್ ವರದಿಯನ್ನೊಮ್ಮೆ ನೋಡಿಕೊಳ್ಳಿ. 300ರಿಂದ 900ರವರೆಗಿನ ಆ ಅಂಕದಲ್ಲಿ, ಕಂತಿನ ಮೇಲೆ ಕೊಂಡ ಫೋನು, ಮೈದುನನ ಟ್ರ್ಯಾಕ್ಟರ್ ಸಾಲಕ್ಕೆ ಹಾಕಿದ ಜಾಮೀನು ಎಲ್ಲ ಅಡಗಿರುತ್ತವೆ. ಸಣ್ಣ ಉದ್ಯಮವೆಂದು ಸರ್ಕಾರದಲ್ಲಿ ಹೆಸರು ಬರೆಸುವ ಉದ್ಯಮ್ ನೋಂದಣಿಗೆ ಕಾಸು ಕೊಡಬೇಡಿ, ಅದು ಉಚಿತ.

ಇನ್ನೂ ಶುರುವಾಗದ ಕಸುಬಿಗೆ ಕೇಂದ್ರ ಸರ್ಕಾರದ ಪಿಎಂಇಜಿಪಿ ಎಂಬ ಯೋಜನೆ ಇದೆ. ತಯಾರಿಕಾ ಘಟಕದ ವೆಚ್ಚದಲ್ಲಿ ಶೇ. 15ರಿಂದ 35ರವರೆಗೆ ಸಬ್ಸಿಡಿ. ಹಳ್ಳಿಯ ಹೆಂಗಸರಿಗೆ ಶೇ. 35. ಆ ಹಣ ಕೈಗೆ ಬರುವುದಿಲ್ಲ, ಮೂರು ವರ್ಷ ಬ್ಯಾಂಕಿನಲ್ಲೇ ಠೇವಣಿಯಾಗಿ ಕೂತು ಆಮೇಲೆ ಸಾಲಕ್ಕೆ ಜಮೆಯಾಗುತ್ತದೆ. ಸಬ್ಸಿಡಿ ನಂಬಿ ಮದುವೆಯ ಮುಹೂರ್ತ ಇಡಿಸಿದವರು ಪೇಚಿಗೆ ಬಿದ್ದದ್ದು ಇದನ್ನು ತಿಳಿಯದೆ. ಪಾಲುಬಂಡವಾಳ ಹೂಡುವವರ ಮಾತು ಇಲ್ಲಿ ಬೇಡ. ಅವರಿಗೆ ಬೇಕಾದದ್ದು ಕೆಲವೇ ವರ್ಷಗಳಲ್ಲಿ ಹತ್ತು ಪಟ್ಟು ಬೆಳೆಯುವ ಕಂಪನಿ. ಒಳ್ಳೆಯ ರೊಟ್ಟಿ ಅಂಗಡಿಗೆ ಹಾಗೆ ಬೆಳೆಯುವ ಆತುರ ಇರುವುದಿಲ್ಲ.

ಸಾಲ ಮಂಜೂರಾಯಿತೆಂದರೆ ಪತ್ರಕ್ಕೆ ಸಹಿ ಹಾಕುವ ಮುಂಚೆ ಒಂದು ಸಾಲು ಹುಡುಕಬೇಕು: ಮೊದಲ ಕಂತು ಯಾವ ತಿಂಗಳು? ಯಂತ್ರ ಬಂದಿಳಿದರೂ ಹೆಸ್ಕಾಂನವರು ಮೂರು ಫೇಸಿನ ಮೀಟರ್ ಕೂರಿಸುವವರೆಗೆ ಅದು ಗೋಣಿತಟ್ಟು ಹೊದ್ದು ಪಡಸಾಲೆಯಲ್ಲಿ ಕೂತಿರುತ್ತದೆ. ಕಂತು ಮಾತ್ರ ಕಾಯುವುದಿಲ್ಲ. "ಸಾಹೇಬ್ರ, ಮೂರ್ ತಿಂಗಳ ಬಿಟ್ಟು ಶುರು ಮಾಡ್ಕೊಳ್ರಿ" ಎಂದು ಸಹಿಗೆ ಮುಂಚೆ ಕೇಳಿದರೆ ಬರೆದುಕೊಟ್ಟಾರು. ಸಹಿ ಆದ ಮೇಲೆ ಕೇಳಿದರೆ ಅದಕ್ಕೊಂದು ಹೊಸ ಅರ್ಜಿ.