ಹಾಲುತೊಂಡೆ: ಹುಳು ಮನೆಯ ಸೋಂಕು ನಿವಾರಣೆಯಲ್ಲಿ ನಂಬಿಕೆ ಮತ್ತು ನಿಜ

ಧರ್ಮಪುರಿ, ಸೇಲಂ ಜಿಲ್ಲೆಗಳಲ್ಲಿ ರೇಷ್ಮೆ ಬೆಳೆಯನ್ನು ಕೆಡಿಸುವ ವೈರಸ್ ರೋಗಗಳಲ್ಲಿ ಹಾಲುತೊಂಡೆ ಮುಖ್ಯವಾದದ್ದು. ರೋಗ ತಗುಲಿದ ಹುಳುವಿನ ಗೆಣ್ಣುಗಳು ಊದಿ ಚರ್ಮ ಹೊಳೆಯುತ್ತದೆ; ಹುಳು ಸೊಪ್ಪು ಬಿಟ್ಟು ತಟ್ಟೆಯ ಅಂಚಿನಲ್ಲಿ ಅಲೆಯುತ್ತದೆ, ಚರ್ಮ ಒಡೆದರೆ ಹಾಲಿನಂಥ ದ್ರವ ಸುರಿಯುತ್ತದೆ.

ಬೇಸಿಗೆಯ ಸೆಕೆಯೇ ಇದಕ್ಕೆ ಕಾರಣ ಎನ್ನುವವರು ಬಹಳ. ಸೆಕೆ, ಬಾಡಿದ ಸೊಪ್ಪು, ಉಷ್ಣಾಂಶದ ಏರಿಳಿತ ಹುಳುವನ್ನು ಸೊರಗಿಸುವುದು ನಿಜ. ಆದರೆ ವೈರಸ್ ಇಲ್ಲದ ಕಡೆ ಬರೀ ಸೆಕೆಗೆ ಹಾಲುತೊಂಡೆ ಬರುವುದಿಲ್ಲ. ಇನ್ನು ಕೆಲವರು ಮೊಟ್ಟೆಯನ್ನು ದೂರುತ್ತಾರೆ. ತಾಯಿ ಚಿಟ್ಟೆಯಿಂದ ಮೊಟ್ಟೆಗೆ ಇಳಿಯುವುದು ಗಂಟುರೋಗ. ಅದು ವೈರಸ್ ರೋಗವೇ ಅಲ್ಲ. ಹಾಲುತೊಂಡೆ ಮುಖ್ಯವಾಗಿ ಸೋಂಕು ಮೆತ್ತಿದ ಸೊಪ್ಪಿನ ಜೊತೆ ಹೊಟ್ಟೆ ಸೇರುತ್ತದೆ, ಆ ಸೋಂಕು ಹೆಚ್ಚಾಗಿ ಹಿಂದಿನ ಬೆಳೆ ಬಿಟ್ಟುಹೋದದ್ದು.

ಹುಳು ಮನೆಯನ್ನು ಕೆಲವು ವಾರ ಖಾಲಿ ಬಿಟ್ಟರೆ ವೈರಸ್ ತಾನಾಗಿ ಸಾಯುತ್ತದೆ ಎಂಬ ಭರವಸೆಯೂ ಸುಳ್ಳು. ಹಾಲುತೊಂಡೆಯ ವೈರಸ್ ಪ್ರೋಟೀನಿನ ಹರಳಿನೊಳಗೆ ಹುದುಗಿ, ಗೋಡೆಯ ಬಿರುಕಿನಲ್ಲಿ, ಹುಳು ಗೂಡು ಕಟ್ಟುವ ಚಂದ್ರಿಕೆಯ ಸಂದಿಯಲ್ಲಿ, ನೆಲದ ಧೂಳಿನಲ್ಲಿ ವರ್ಷಗಟ್ಟಲೆ ಉಳಿಯಬಲ್ಲದು. ಆ ಹರಳನ್ನು ಕರಗಿಸುವುದು ಕ್ಷಾರ. ಹುಳುವಿನ ಕರುಳು ಕ್ಷಾರೀಯವಾದ್ದರಿಂದಲೇ ವೈರಸ್ ಅಲ್ಲಿ ಬಿಚ್ಚಿಕೊಳ್ಳುತ್ತದೆ. ಬ್ಲೀಚಿಂಗ್ ಪೌಡರಿಗೆ ಅರಳಿದ ಸುಣ್ಣ ಬೆರೆಸುವ ಮರ್ಮವೂ ಇದೇ: ಸುಣ್ಣ ಹರಳನ್ನು ಕರಗಿಸುತ್ತದೆ, ಕ್ಲೋರಿನ್ ಒಳಗಿನ ವೈರಸ್ಸನ್ನು ಕೊಲ್ಲುತ್ತದೆ. ಅದು ಗೋಡೆ ಬೆಳ್ಳಗಾಗಲಿ ಎಂದು ಹಾಕುವ ಸುಣ್ಣವಲ್ಲ. 100 ಲೀಟರ್ ನೀರಿಗೆ 2 ಕಿಲೋ ಬ್ಲೀಚಿಂಗ್ ಪೌಡರ್, 300 ಗ್ರಾಂ ಸುಣ್ಣ ಎಂಬುದು ಶಿಫಾರಸು.

ವಾಸನೆ ಎಷ್ಟು ಖಾರವೋ ಔಷಧಿ ಅಷ್ಟು ಬಲ ಎಂಬ ಲೆಕ್ಕ ಫಾರ್ಮಲಿನ್ ಕಾಲದ್ದು. ಶೇ. 2ರ ಫಾರ್ಮಲಿನ್ ಕೆಲಸ ಮಾಡಲು 25 ಡಿಗ್ರಿಗಿಂತ ಹೆಚ್ಚು ಉಷ್ಣಾಂಶ, ಶೇ. 70ಕ್ಕೂ ಮೀರಿದ ತೇವಾಂಶ, ಗಾಳಿಯಾಡದಂತೆ ಮುಚ್ಚಿದ ಕೋಣೆ ಬೇಕು. ತಗಡಿನ ಶೆಡ್ಡಿನಲ್ಲಿ ಮೊದಲ ಎರಡು ಒದಗಿದರೂ ಮೂರನೆಯದು ಕನಸಿನ ಮಾತು. ಬ್ಲೀಚಿಂಗ್ ಪೌಡರಿಗೆ ಮುಚ್ಚಿದ ಕೋಣೆ ಬೇಡ, ಆದರೆ ಅದರಲ್ಲಿ ಶೇ. 30ರಷ್ಟು ಕ್ಲೋರಿನ್ ಉಳಿದಿರಬೇಕು. ಬಾಯಿ ತೆರೆದು ತಿಂಗಳುಗಟ್ಟಲೆ ಇಟ್ಟ ಚೀಲದ ಪುಡಿಗೆ ಆ ಕಸುವಿರುವುದಿಲ್ಲ. ಕಸ, ಹಿಕ್ಕೆಗಳು ಕ್ಲೋರಿನ್ನನ್ನು ನುಂಗಿಬಿಡುವುದರಿಂದ ಮೊದಲು ಗುಡಿಸಿ ತೊಳೆಯಬೇಕು, ಆಮೇಲೆ ಗೋಡೆ, ನೆಲ ನೆನೆಯುವಂತೆ ಸಿಂಪಡಿಸಬೇಕು. ಒಣನೆಲದ ಮೇಲೆ ತುಂತುರು ಹಾರಿಸಿದರೆ ಕೂಲಿ ದಂಡ. ಕಬ್ಬಿಣದ ಸ್ಟ್ಯಾಂಡ್ ತುಕ್ಕು ಹಿಡಿಯುವ ಭಯವಿದ್ದರೆ ಸುಣ್ಣ ಬೆರೆಸಿದ ಕ್ಲೋರಿನ್ ಡೈಆಕ್ಸೈಡ್ ಮೇಲು.

ಹುಳುವಿನ ಹಾಸಿಗೆಗೆ ಹಾಕುವ ‘ವಿಜೇತ’ದಂಥ ಪುಡಿಯನ್ನು ರೋಗದ ಔಷಧಿ ಎಂದೇ ಹಲವರು ತಿಳಿದಿದ್ದಾರೆ. ಹಾಲುತೊಂಡೆ ಹಿಡಿದ ಹುಳುವನ್ನು ಉಳಿಸುವ ಔಷಧಿಯೇ ಇಲ್ಲ. ಹುಳು ಜ್ವರದಿಂದ (ಪೊರೆ ಬಿಡುವ ಹಂತದಿಂದ) ಎದ್ದ ಮೇಲೆ, ಸೊಪ್ಪು ಕೊಡುವ ಅರ್ಧ ಗಂಟೆ ಮೊದಲು ಉದುರಿಸುವ ಈ ಪುಡಿ, ರೋಗ ಪಕ್ಕದ ಹುಳುವಿಗೆ ಹರಡದಂತೆ ತಡೆಯುತ್ತದೆ, ಅಷ್ಟೇ. ರೋಗದ ಹುಳುವನ್ನು ಆರಿಸಿ ಸುಣ್ಣ, ಬ್ಲೀಚಿಂಗ್ ನೀರಿಗೆ ಹಾಕಿ ಹೂಳಬೇಕು. ಕೋಳಿಗೆ ಹಾಕಿದರೆ ವೈರಸ್ ಹಿಕ್ಕೆಯಲ್ಲಿ ಜೀವಂತವಾಗಿಯೇ ಅಂಗಳ ಸೇರುತ್ತದೆ.

ಒಂದು ಬೆಳೆಗೆ ಒಂದೇ ಸಿಂಪಡಣೆ ಸಾಲದು. ಗೂಡು ಬಿಡಿಸಿದ ಕೂಡಲೇ ಒಮ್ಮೆ, ಚಾಕಿ (ಎಳೆಯ) ಹುಳು ಬರುವ ಎರಡು ಮೂರು ದಿನ ಮೊದಲು ಮತ್ತೊಮ್ಮೆ ಸಿಂಪಡಿಸಬೇಕು.