ತಲೆಗೆ ಬಿಸಿನೀರು ಬಿದ್ದರೆ ಫಿಟ್ಸ್: ಇಇಜಿ ನಾರ್ಮಲ್ ಬಂದರೂ ರೋಗ ಇರಬಹುದು, ಯಾಕೆ?

ಚಾಮರಾಜನಗರ: ಹಂಡೆಯಲ್ಲಿ ನೀರು ಕಾಯಿಸಿ, ಚೊಂಬಲ್ಲಿ ಮೊಗೆದು ಮೊಗೆದು ತಲೆಗೆ ಸುರಿದುಕೊಳ್ಳೋದು ನಮ್ಮ ಕಡೆಯ ತಲೆಸ್ನಾನ. ಆದರೆ ಕೆಲವರಿಗೆ ಹೀಗೆ ಸುರಿಯುತ್ತಿದ್ದಂತೆ ಕಣ್ಣು ಒಂದೇ ಕಡೆ ನಿಂತು, ಮಾತು ತಡವರಿಸಿ, ಫಿಟ್ಸ್ ಬಂದುಬಿಡುತ್ತೆ. ಕೈ ಮಾತ್ರ ನೀರು ಸುರಿಯುತ್ತಲೇ ಇರೋದೂ ಉಂಟು. ಊರಲ್ಲಿ ಗಾಳಿ ಸೋಕು ಅಂದುಬಿಡ್ತಾರೆ. ವೈದ್ಯರು ಇದಕ್ಕೆ ಇಟ್ಟಿರೋ ಹೆಸರು ಬಿಸಿನೀರಿನ ಮೂರ್ಛೆ ರೋಗ.

ಬೇರೆ ದೇಶಗಳಲ್ಲಿ ಅಪರೂಪವಾದ ಈ ರೋಗ ಹಳೇ ಮೈಸೂರು ಭಾಗದಲ್ಲಿ ಹೆಚ್ಚು. ನಿಮ್ಹಾನ್ಸ್‌ನ ಡಾ. ಪಿ. ಸತೀಶ್ಚಂದ್ರ ಮತ್ತು ತಂಡ 1988ರಲ್ಲಿ ಪ್ರಕಟಿಸಿದ ಒಂದೇ ವರದಿಯಲ್ಲಿ 279 ರೋಗಿಗಳಿದ್ದರು. ನಮ್ಮ ಯಳಂದೂರು ಸುತ್ತ ನಡೆದ ಸಮೀಕ್ಷೆಯಲ್ಲೂ ಇಂಥವರು ಸಿಕ್ಕಿದ್ದಾರೆ.

ಇಲ್ಲೊಂದು ತೊಡಕಿದೆ. ಆಸ್ಪತ್ರೆಗೆ ಹೋಗಿ ಇಇಜಿ ಮಾಡಿಸಿದರೆ ಬಹಳ ಜನಕ್ಕೆ ನಾರ್ಮಲ್ ಅಂತಲೇ ಬರುತ್ತೆ. ಮನೆಯವರು 'ಏನೂ ಇಲ್ವಂತೆ' ಅಂತ ಮಾತ್ರೆ ನಿಲ್ಲಿಸಿಬಿಡ್ತಾರೆ.

ಮೆದುಳಿನ ಹೊರಪದರಕ್ಕೆ ಕಾರ್ಟೆಕ್ಸ್ ಅಂತಾರೆ. ಅಲ್ಲಿನ ಜೀವಕೋಶಗಳು ಸಣ್ಣ ವಿದ್ಯುತ್ತಿನಲ್ಲಿ ಮಾತಾಡಿಕೊಳ್ಳುತ್ತವೆ. ನೆತ್ತಿಯ ಮೇಲೆ ವೈರ್ ಅಂಟಿಸಿದಾಗ ಸಿಗೋದು ಒಂದು ವೋಲ್ಟಿನ ಹತ್ತು ಲಕ್ಷದ ಭಾಗದ ಲೆಕ್ಕದಲ್ಲಿ, ಸುಮಾರು 10ರಿಂದ 100 ಮೈಕ್ರೋವೋಲ್ಟ್. ನಡುವೆ ತಲೆಬುರುಡೆ ಇದೆಯಲ್ಲ, ಗೋಡೆಯಾಚೆಯ ಮಾತು ಕೇಳಿಸಿಕೊಂಡಂತೆ. ಮೇಲಾಗಿ ಇಇಜಿ ತೆಗೆಯೋದು ಫಿಟ್ಸ್ ಇಲ್ಲದ ಹೊತ್ತಲ್ಲಿ. ಬಿರುಗಾಳಿ ನಿಂತ ಮೇಲೆ ಹೋಗಿ ಗಾಳಿ ಅಳೆದರೆ ಏನು ಸಿಗುತ್ತೆ?

ಅದಕ್ಕೇ ವಿಜ್ಞಾನಿಗಳು ಪ್ರಾಣಿಗಳಲ್ಲಿ ಫಿಟ್ಸ್ ಬರಿಸಿ, ಎಲೆಕ್ಟ್ರೋಡನ್ನ ನೇರವಾಗಿ ಮೆದುಳಿಗೇ ಇಟ್ಟು ಅಳೀತಾರೆ. ಪೋಲೆಂಡಿನ ಸಿಬುಲ್ಸ್ಕಿ 1914ರಲ್ಲೇ ನಾಯಿಯ ಕಾರ್ಟೆಕ್ಸಿಗೆ ವಿದ್ಯುತ್ ಕೊಟ್ಟು ಬರಿಸಿದ ಫಿಟ್ಸ್‌ನ ಅಲೆಗಳನ್ನ ಫೋಟೋ ತೆಗೆದಿದ್ದರು. ಆಮೇಲೆ ಪೆನಿಸಿಲಿನ್ ವಿಧಾನ ಬಂತು. ಹೌದು, ಅದೇ ಇಂಜೆಕ್ಷನ್ ಔಷಧಿ. ಅರಿವಳಿಕೆ ಕೊಟ್ಟ ಇಲಿಯ ಕಾರ್ಟೆಕ್ಸಿಗೆ ಅದು ಸ್ವಲ್ಪ ತಾಗಿದರೆ ಸಾಕು, ಕೆಲವೇ ನಿಮಿಷದಲ್ಲಿ ಸಣ್ಣ ಅಲೆಗಳ ನಡುವೆ ಸೂಜಿಮೊನೆಯಂಥ ಗೆರೆಗಳು ಏಳುತ್ತವೆ. ಕೋಶಗಳನ್ನ ಸುಮ್ಮನಿರಿಸೋ ಗಾಬಾ ಅನ್ನೋ ರಾಸಾಯನಿಕವನ್ನ ಪೆನಿಸಿಲಿನ್ ತಡೆಯುತ್ತೆ. ತಡೆಯೋರಿಲ್ಲದೆ ಸಾವಿರಾರು ಕೋಶಗಳು ಒಟ್ಟಿಗೇ ಕೂಗಿದಾಗ ಕಾಣೋದೇ ಆ ಗೆರೆ.

ನಿಮ್ಹಾನ್ಸ್ ತಂಡ ಮಾಡಿದ್ದು ಇನ್ನೂ ನಮ್ಮ ಮನೆ ಬಚ್ಚಲಿಗೆ ಹತ್ತಿರದ ಕೆಲಸ. ಇಲಿಗಳ ತಲೆ ಮೇಲೆ ಬಿಸಿನೀರು ಬಿಟ್ಟು, ಮೆದುಳಿನ ವಿದ್ಯುತ್ ದಾಖಲಿಸಿದರು. 1996ರಲ್ಲಿ ಪ್ರಕಟವಾಯ್ತು. ಮೈ ಬಿಸಿ ಏರುತ್ತಾ ಹೋಗಿ ಇಲಿಗಳಿಗೆ ಫಿಟ್ಸ್ ಬಂತು. ಇದು ಗಾಳಿಯ ಕಾಟ ಅಲ್ಲ, ಬಿಸಿಯಿಂದ ಮೆದುಳಲ್ಲಿ ಏಳೋ ವಿದ್ಯುತ್ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ? 2006ರಲ್ಲಿ ಬಂದ ಇನ್ನೊಂದು ವರದಿ ನನಗೆ ಹೆಚ್ಚು ಮುಖ್ಯ ಅನಿಸಿತು: ಬಿಸಿನೀರಿನ ಫಿಟ್ಸ್ ಮತ್ತೆ ಮತ್ತೆ ಬಂದ ಇಲಿಗಳ ಮೆದುಳಲ್ಲಿ ಹೊಸ ನರತಂತುಗಳು ಚಿಗುರಿದ್ದವು. ಫಿಟ್ಸ್ ತನ್ನ ದಾರಿ ತಾನೇ ಮಾಡಿಕೊಳ್ಳೋ ಈ ಕ್ರಿಯೆಗೆ ಕಿಂಡ್ಲಿಂಗ್ ಅಂತಾರೆ, ಸೌದೆಗೆ ಕಿಡಿ ಹಿಡಿದ ಹಾಗೆ.

ಇಲಿಯಲ್ಲಿ ಕಂಡಿದ್ದನ್ನ ಮನುಷ್ಯರಿಗೆ ನೇರ ಅನ್ವಯಿಸೋಕಾಗಲ್ಲ. ಆದರೆ ಈ ರೋಗ ಇರೋ ಕೆಲವರಿಗೆ ಮುಂದೆ ಸ್ನಾನ ಇಲ್ಲದೆಯೂ ಫಿಟ್ಸ್ ಶುರುವಾಗೋದು ನಿಜ. ಹಾಗಾಗಿ ಇಇಜಿ ಚೀಟಿ ಏನೇ ಹೇಳಲಿ, ಸ್ನಾನದಲ್ಲಿ ಏನಾಯ್ತು ಅನ್ನೋದನ್ನ ಕಂಡವರೇ ಹೋಗಿ ನರರೋಗ ವೈದ್ಯರಿಗೆ ಹೇಳಬೇಕು. ನೀರು ಉಗುರುಬೆಚ್ಚಗಿರಲಿ, ಬಚ್ಚಲ ಬಾಗಿಲಿಗೆ ಚಿಲಕ ಬೇಡ. ಕೆಲವರಿಗೆ ತಲೆಸ್ನಾನಕ್ಕೆ ಒಂದೂವರೆ-ಎರಡು ಗಂಟೆ ಮೊದಲು ನುಂಗೋ ಮಾತ್ರೆಯನ್ನಷ್ಟೇ ವೈದ್ಯರು ಬರೆದುಕೊಡ್ತಾರೆ, ಕೆಲವರಿಗೆ ದಿನಾ ಬೇಕಾಗುತ್ತೆ. ಅದನ್ನ ವೈದ್ಯರನ್ನ ಕೇಳದೆ ನಿಲ್ಲಿಸಬೇಡಿ.